ಕನ್ನಡಿಯಲ್ಲಿ ಕಾಣುವಷ್ಟು ದೂರ

ಕಾರಿಡಾರಿನ ಕೊನೆಯಲ್ಲಿ ನಿಲ್ಲಿಸಿದ್ದ ಪ್ಲೈವುಡ್ ಹಲಗೆಯ ಮೇಲೆ ಯಾರೋ ಎಂದೋ ಸೀಮೆಸುಣ್ಣದಿಂದ ಎರಡು ಕಣ್ಣು, ಒಂದು ಮೂಗು, ದಪ್ಪನೆಯ ಮೀಸೆ ಬರೆದಿದ್ದರು. ಆಳೆತ್ತರದ ಆ ಹಲಗೆಯೇ ಇಲ್ಲಿ ಮನುಷ್ಯ. ಕಣ್ಣು ಕಾಣದವರಿಗೆಂದು ಈ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುವ ಕೋಲುಗಳೆಲ್ಲ ಮೊದಲು ಅವನೆದುರು ಹೋಗಿ ಒಪ್ಪಿಗೆ ಪಡೆಯಬೇಕು. ಬೆಸುಗೆ ಹಾಕುವ ಹೆಂಗಸು ಅವನಿಗೆ ಭಾವ ಎಂದು ಹೆಸರಿಟ್ಟಿದ್ದಳು. ಎಷ್ಟು ಸಲ ಎದುರು ಹೋಗಿ ನಿಂತರೂ ಬಾಯಿ ಬಿಡದೆ, ನಿಂತಲ್ಲಿಂದ ಅಲುಗದೆ ಇರುವವನು ಭಾವನಲ್ಲದೆ ಮತ್ಯಾರು ಎನ್ನುವುದು ಆಕೆಯ ವಾದ. ಕೋಲುಗಳ ಒಳಗಿನ ಪ್ರೋಗ್ರಾಂ ಬರೆಯುವುದು, ಬರೆದದ್ದನ್ನು ಪರೀಕ್ಷಿಸುವುದು ಆಕೆಗಿಂತ ಕಿರಿಯಳಾದ ಇನ್ನೊಬ್ಬಳ ಕೆಲಸ. ಇವತ್ತು ಬೆಳಗಿನಿಂದ ಅವಳು ಭಾವನ ಕಡೆಗೆ ನಡೆದು ಹೋಗುತ್ತಿದ್ದಳು, ಹಿಂದಕ್ಕೆ ಬರುತ್ತಿದ್ದಳು, ಮತ್ತೆ ಹೋಗುತ್ತಿದ್ದಳು. ಕೈಯಲ್ಲಿದ್ದ ಕೋಲಿನ ಹಿಡಿಕೆಯ ಕೆಳಗೆ ಅಂಗಿಯ ಗುಂಡಿಯಷ್ಟಗಲದ ಒಂದು ಜಾಲರಿ. ಅದು ಮನುಷ್ಯರ ಕಿವಿಗೆ ನಿಲುಕದ ಕೀಚಲು ದನಿಯಲ್ಲಿ ಒಂದು ಸಲ ಕೂಗಿ, ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಕೂಗು ಹೋಗಿ ಎದುರಿಗಿರುವುದಕ್ಕೆ ಬಡಿದು ವಾಪಸು ಬರಲು ಎಷ್ಟು ಹೊತ್ತು ಹಿಡಿಯಿತೋ ಅದರಿಂದ ದೂರ ಗೊತ್ತಾಗುತ್ತದೆ. ಹತ್ತಿರವಾದಷ್ಟೂ ಹಿಡಿಕೆ ಅಂಗೈಯಲ್ಲಿ ಜೋರಾಗಿ ನಡುಗುತ್ತದೆ. ಕೋಲು ನಡುಗುತ್ತಿತ್ತು, ನಡುಗಬೇಕಾದಷ್ಟೇ ನಡುಗುತ್ತಿತ್ತು, ಆದರೆ ಅವಳ ಮನಸ್ಸು ಮಾತ್ರ ಅಲ್ಲಿರಲಿಲ್ಲ.

ಬೆಳಿಗ್ಗೆ ಟೀ ಲೋಟ ಕೆಳಗಿಡುತ್ತ ಅಣ್ಣ ಹೇಳಿದ್ದ, "ಇವತ್ತು ಊಟ ಆದ್ಮೇಲೆ ಕಟಿಂಗಿಗೆ ಹೋಗಿ ಬರ್ತೀನಿ. ಒಬ್ಬನೇ." ಆ ಒಬ್ಬನೇ ಎನ್ನುವುದನ್ನು ಅವನು ಲೋಟ ಇಟ್ಟಷ್ಟೇ ಮೆಲ್ಲಗೆ ಇಟ್ಟಿದ್ದ. ಅವಳು ಸರಿ ಎಂದಳು. ತೀರಾ ಬೇಗ ಸರಿ ಎಂದುಬಿಟ್ಟೆ ಎಂದು ಆಮೇಲೆ ಅನ್ನಿಸಿತು. ಅಷ್ಟು ಬೇಗ ಒಪ್ಪುವವರು ಒಪ್ಪಿರುವುದಿಲ್ಲ ಎಂದು ಅವನಿಗೂ ಗೊತ್ತು. ಅವನು ಬಸ್ ಓಡಿಸುತ್ತಿದ್ದವನು. ಪಕ್ಕದಲ್ಲಿ ಬರುವ ಗಾಡಿ ದಾರಿ ಬಿಡುತ್ತದೋ ಬಿಟ್ಟಂತೆ ಮಾಡುತ್ತದೋ ಎಂದು ಅದರ ಸದ್ದಿನಲ್ಲೇ ಹೇಳುತ್ತಿದ್ದ. ಕಣ್ಣು ಒಂದೇ ಸಲಕ್ಕೆ ಹೋದದ್ದಲ್ಲ, ಅಂಚುಗಳಿಂದ ಕತ್ತಲೆ ಸುತ್ತಿಕೊಳ್ಳುತ್ತ ನಡುವಿಗೆ ಬಂತು. ಡಿಪೋದವರು ಸ್ಟಿಯರಿಂಗ್ ಬಿಡಿಸಿ ಮೇಜು ಕುರ್ಚಿ ಕೊಟ್ಟರು, ಆಮೇಲೆ ಕುರ್ಚಿಯಿಂದಲೂ ಎಬ್ಬಿಸಿ ಹಾರ ಹಾಕಿ ಕಳಿಸಿದರು. ಈಗ ಅವಳ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ ಪಕ್ಕ ಕೂತು, ಬೀದಿಯಲ್ಲಿ ಗೇರ್ ಬದಲಿಸುವ ಪ್ರತಿ ಡ್ರೈವರನನ್ನೂ ಬೈಯುತ್ತಾನೆ. "ಕ್ಲಚ್ಚಿಗೆ ಪ್ರಾಣ ಇದ್ದಿದ್ರೆ ಇವನ ಮೇಲೆ ಕೇಸು ಹಾಕ್ತಿತ್ತು." ಕಟಿಂಗಿಗೆ ಹೋದ ಸಲ ಅವಳೇ ಕರೆದುಕೊಂಡು ಹೋಗಿದ್ದಳು. ಕ್ಷೌರದವನು ಅವನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಕತ್ತರಿಯನ್ನು ಬೆರಳಲ್ಲಿ ಚಟಚಟನೆ ಆಡಿಸುತ್ತ, ಅವನ ತಲೆಯ ಮೇಲಿಂದ ಅವಳನ್ನು ನೋಡಿ ಕೇಳಿದ, "ಇವರಿಗೆ ಎಷ್ಟು ಬಿಡ್ಲಿ?" ಅವಳು ಪತ್ರಿಕೆ ತಿರುವುತ್ತಿದ್ದವಳು ತಲೆಯೆತ್ತಿ, ಕಿವಿ ಮೇಲೆ ಸ್ವಲ್ಪ ಸಣ್ಣ ಮಾಡಿ ಎಂದಳು. ಎಂದ ಮೇಲೆ ಕನ್ನಡಿಯಲ್ಲಿ ಅಣ್ಣನ ಮುಖ ಕಂಡಿತು. ಅಂಗಡಿಯಲ್ಲಿ ಇಟ್ಟ ಸಾಮಾನಿನ ಹಾಗೆ ಅಲುಗದೆ ಕೂತಿದ್ದ. ವಾಪಸು ಬರುವಾಗ ಅವಳ ತೋಳು ಹಿಡಿದುಕೊಂಡು, "ನನ್ನ ತಲೆ ಬಗ್ಗೆ ನಿಮ್ಮಿಬ್ಬರಲ್ಲಿ ಒಳ್ಳೆ ಮಾತುಕತೆ ಆಯ್ತಪ್ಪ" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ನಗು ಅವತ್ತಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತಿದೆ. ಕೇಳಿದವನು ಕ್ಷೌರದವನು, ಅವನಿಗೆ ಬುದ್ಧಿಯಿಲ್ಲ ಎನ್ನಬಹುದು. ಉತ್ತರ ಕೊಟ್ಟವಳು ಅವಳು.

ಸ್ವೆಟರಿನ ತೋಳು ಮೇಲೆಳೆದುಕೊಂಡು ಅವಳು ಮತ್ತೊಂದು ಕೋಲು ಕೈಗೆತ್ತಿಕೊಂಡಳು. ಕಾರಿಡಾರು ಯಾವಾಗಲೂ ಥಂಡಿ. ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದೆ: ಸ್ವೆಟರ್ ತೊಟ್ಟವರು ಕೋಲಿನ ಮುಂದೆ ನಿಲ್ಲಬೇಡಿ. ಉಣ್ಣೆ ಕೂಗನ್ನು ನುಂಗಿಬಿಡುತ್ತದೆ, ವಾಪಸು ಕೊಡುವುದಿಲ್ಲ. ದಪ್ಪ ಸ್ವೆಟರಿನವರು ಎದುರಿಗೆ ಬಂದರೂ ಕೋಲು ತಣ್ಣಗಿರುತ್ತದೆ. ಇದನ್ನು ಅಣ್ಣನಿಗೆ ಹೇಳಿದಾಗ ಅವನು, "ಅಂದ್ರೆ ನಿನ್ನ ಕೋಲಿಗೆ ಬಡವರು ಕಾಣ್ತಾರೆ, ಬೆಚ್ಚಗಿರೋರು ಕಾಣಲ್ಲ" ಎಂದಿದ್ದ. ಇನ್ನೊಂದು ತೊಂದರೆಯನ್ನೂ ಹೇಳಿದ್ದಳು. ಒಂದು ಗೇಣಿಗಿಂತ ಹತ್ತಿರ ಬಂದದ್ದು ಕೋಲಿಗೆ ತಿಳಿಯುವುದೇ ಇಲ್ಲ. ಕೂಗಿದ ಜಾಲರಿಯೇ ಕೇಳಿಸಿಕೊಳ್ಳಬೇಕಾದ್ದರಿಂದ, ತನ್ನ ಕೂಗಿನ ಗುಂಯ್‌ಗುಡುವಿಕೆ ಅಡಗುವ ಮೊದಲೇ ಬಂದ ಮಾರ್ದನಿ ಅದರಲ್ಲಿ ಮುಚ್ಚಿಹೋಗುತ್ತದೆ. "ಓ, ನಮ್ಮ ಡಿಪೋ ಮ್ಯಾನೇಜರ್ ಇದ್ದ ಹಾಗೆ," ಎಂದಿದ್ದ ಅಣ್ಣ. "ತಾನು ಕೂಗಿದ್ದೇ ಅವನ ಕಿವೀಲಿ ತುಂಬಿರೋದು, ಎದುರಿಗೆ ನಿಂತೋನ ಮಾತು ಎಲ್ಲಿಂದ ಕೇಳ್ಬೇಕು?" ಅವನಿಗೆ ಎಲ್ಲದರಲ್ಲೂ ಡಿಪೋ ಕಾಣುತ್ತಿತ್ತು.

ಆಗ ಹಿಂದಿನ ಬಾಗಿಲು ದಡಾರನೆ ತೆರೆದುಕೊಂಡು ಬೆಸುಗೆಯಾಕೆ ಸೈಕಲ್ ಮೇಲೆ ಕೂತೇ ಒಳಗೆ ಬಂದಳು. ತಡವಾದ ದಿನ ಆಕೆ ಹೀಗೆಯೇ ಕಾರಿಡಾರಿನುದ್ದಕ್ಕೂ ಬಿಟ್ಟುಕೊಂಡು ಹೋಗಿ ಕೊನೆಯಲ್ಲಿ ಸೈಕಲ್ ಒರಗಿಸುವುದು. ನಡೆದುಕೊಂಡು ಬಂದರೆ ಇನ್ನೂ ತಡ ಎನ್ನುವುದು ಅದಕ್ಕೆ ಸಮಜಾಯಿಷಿ. ಅವಳು ಬಾಗಿಲ ಕಡೆಗೇ ತಿರುಗಿ ನಿಂತಿದ್ದಳು, ಕೋಲು ಮುಂದಕ್ಕೇ ಚಾಚಿತ್ತು. "ದಾರಿ, ದಾರಿ!" ಎನ್ನುತ್ತ ಆಕೆ ಎದುರಿನಿಂದ ಬಂದು, ಪಕ್ಕಕ್ಕೆ ವಾಲಿ, ಗಾಳಿ ಬೀಸಿದ ಹಾಗೆ ದಾಟಿ ಹೋದಳು. ದಾಟಿ ಹೋದ ಮೇಲೆ ಅಂಗೈಯಲ್ಲಿ ಕೋಲು ನಡುಗಿತು. ಎದುರಿಗೆ ಖಾಲಿ ಕಾರಿಡಾರು, ತೆರೆದ ಬಾಗಿಲು, ಆಚೆಗೆ ಬೆಳಕು. ಏನೂ ಇಲ್ಲದ ಕಡೆಗೆ ಕೋಲು ಗಡಗಡ ನಡುಗಿ, ನಿಧಾನವಾಗಿ ಸಮಾಧಾನಗೊಂಡು, ಸುಮ್ಮನಾಯಿತು.

"ಅಕ್ಕಾ, ಇನ್ನೊಂದು ಸಲ ಬರ್ತೀರಾ?"

"ಏನು, ಸರ್ಕಸ್ಸಾ? ಮೊದಲೇ ತಡವಾಗಿದೆ."

"ಒಂದೇ ಸಲ. ಜೋರಾಗಿ ಬನ್ನಿ. ನಾನು ಹೀಗೇ ನಿಂತಿರ್ತೀನಿ."

ಆಕೆ ಬಂದಳು, ಒಂದು ಸಲವಲ್ಲ, ಹಲವು ಸಲ ಬಂದಳು. ಮೊದಮೊದಲು ಗಂಟೆ ಬಾರಿಸುತ್ತ, ಆಮೇಲೆ ಅವಳ ಮುಖ ನೋಡಿ ಸುಮ್ಮನೆ. ಮೆಲ್ಲಗೆ ಬಂದರೆ ಕೋಲು ಸರಿಯಾಗಿ ಹೇಳುತ್ತಿತ್ತು. ಜೋರಾಗಿ ಬಂದರೆ ಪ್ರತಿ ಸಲವೂ ಸೈಕಲ್ ದಾಟಿದ ಮೇಲೆಯೇ. ಅವಳಿಗೆ ಕಾರಣ ಹುಡುಕಬೇಕಾಗಿರಲಿಲ್ಲ, ಕಾರಣ ಬರೆದವಳು ಅವಳೇ. ಕೋಲು ಒಂದೊಂದು ಕೂಗಿಗೂ ನಡುಗದಂತೆ, ಹಿಂದಿನ ಹತ್ತಾರು ಕೂಗುಗಳ ಉತ್ತರ ಒಟ್ಟುಗೂಡಿಸಿ, ಅದರ ಸರಾಸರಿ ತೆಗೆದು, ಆಮೇಲೆ ಮಾತ್ರ ಅಂಗೈಗೆ ಹೇಳಬೇಕು ಎಂದು ಅವಳು ಬರೆದಿದ್ದಳು. ಗೋಡೆಗೆ, ಕಂಬಕ್ಕೆ, ಭಾವನಿಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ನಿನ್ನೆಯೂ ಇವತ್ತೂ ಅವರು ಇದ್ದಲ್ಲೇ ಇರುವವರು. ಓಡಿ ಬರುವುದರ ವಿಷಯದಲ್ಲಿ ಕೋಲು ಹಳೆಯ ಸುದ್ದಿಯನ್ನು ಹೊಸದರ ಜೊತೆ ಕಲಸಿ ಕೊಡುತ್ತಿತ್ತು. ಚಲಿಸುವ ವಸ್ತುವಿನ ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. ಅದನ್ನೂ ಭಾವನೊಂದಿಗೇ ಮಾಡಿದ್ದರು. ಹಲಗೆಗೆ ಗಾಲಿ ಕಟ್ಟಿ ಎಳೆಯುವುದು ರಗಳೆ ಎಂದು ಕೋಲು ಹಿಡಿದವರೇ ಅದರ ಕಡೆಗೆ ನಡೆದು ಹೋಗಿದ್ದರು. "ಗೋಡೆ ನಮ್ಮ ಕಡೆ ಬಂದ್ರೇನು, ನಾವು ಗೋಡೆ ಕಡೆ ಹೋದ್ರೇನು, ಲೆಕ್ಕ ಒಂದೇ ಅಲ್ವಾ?" ಎಂದಿದ್ದರು ಕಾರ್ಖಾನೆಯ ಯಜಮಾನರು. ಲೆಕ್ಕ ಒಂದೇ, ಅವಳೂ ತಲೆಯಾಡಿಸಿದ್ದಳು. ನಡೆಯುವ ವೇಗದಲ್ಲಿ ಒಂದೇ. ಬೀದಿಯಲ್ಲಿ ಬರುವವರೆಲ್ಲ ನಡೆದುಕೊಂಡೇ ಬರುತ್ತಾರೆಯೇ ಎಂದು ಯಾರಿಗೂ, ಓದಿ ಬರೆದು ಇದೇ ಕೆಲಸಕ್ಕೆಂದು ಕೂತ ಅವಳಿಗೂ, ಹೊಳೆಯಲಿಲ್ಲ.

ಯಜಮಾನರು ತಾವೇ ಬಂದು ಕೋಲು ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತರು. ದೊಡ್ಡ ಹೊಟ್ಟೆಯ ಆ ಮನುಷ್ಯ ಕಣ್ಣು ಮುಚ್ಚಿದ ಕೂಡಲೇ ಏನೋ ಚಿಕ್ಕವರಾದಂತೆ ಕಂಡರು. ಸೈಕಲ್ ಅವರ ತೋಳು ಸವರಿಕೊಂಡು ಹೋಯಿತು. ಕೋಲು ಆಮೇಲೆ ನಡುಗಿತು. ಅವರು ಕಣ್ಣು ತೆರೆದು ಅವಳನ್ನೇ ನೋಡಿದರು. ಬೈಯಬಹುದಾಗಿತ್ತು, ಬೈಯಲಿಲ್ಲ. "ಪ್ಯಾಕಿಂಗ್ ನಿಲ್ಸೋಕೆ ಹೇಳಿ" ಎಂದಷ್ಟೇ ಅಂದು ತಮ್ಮ ಕೋಣೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಪ್ಯಾಕಿಂಗ್ ನಿಂತಿತು, ಕಾರ್ಖಾನೆಯ ಕೋಲುಗಳೆಲ್ಲ ಇನ್ನೂ ಇಲ್ಲೇ ಇವೆ. ಹೊರಗೆ ಹೋಗಿರುವುದು ಒಂದೇ ಒಂದು, ಅಣ್ಣನದು, ಅದು ಮನೆಯ ಬಾಗಿಲ ಹಿಂದೆ ಕೊಡೆಯ ಪಕ್ಕ ನಿಂತಿರುತ್ತದೆ. ಅವಳು ಅಣ್ಣನ ಫೋನಿಗೆ ಕರೆ ಮಾಡಿದಳು. ಅದು ಫ್ರಿಜ್ಜಿನ ಮೇಲೆ ಹೊಡೆದುಕೊಳ್ಳುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು. ಜೇಬಲ್ಲಿ ಫೋನ್ ಇಟ್ಟುಕೊಂಡು ಹೋದರೆ ಒಬ್ಬನೇ ಹೋದ ಹಾಗಾಗಲ್ಲ ಎಂದು ಬೆಳಿಗ್ಗೆ ಅವನು ಮೊದಲೇ ಹೇಳಿದ್ದ. ಮೇಜಿನ ಮೇಲಿದ್ದ ಒಂದು ಕೋಲಿನಿಂದ ಸರಾಸರಿಯ ಸಾಲುಗಳನ್ನು ಅಳಿಸಿಹಾಕಿ, ಅದನ್ನು ಬಗಲಿಗೆ ಸಿಕ್ಕಿಸಿಕೊಂಡು, ಅವಳು ಬಸ್ಸಿಗೆ ಓಡಿದಳು.

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಅವನ ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಅವಳ ಹಣೆ, ಕೋಲಿನ ತುದಿ, ಯಾರದೋ ಟೋಪಿ. ಅವನು ಆಗಾಗ ಕಣ್ಣೆತ್ತಿ ಎಲ್ಲರನ್ನೂ ಒಮ್ಮೆ ಎಣಿಸಿದಂತೆ ನೋಡಿ ಮತ್ತೆ ರಸ್ತೆಗೆ ಮರಳುತ್ತಿದ್ದ. ಅವಳು ಚಿಕ್ಕವಳಿದ್ದಾಗ ಅಣ್ಣ ರಜೆಯ ದಿನಗಳಲ್ಲಿ ಅವಳನ್ನು ಡಿಪೋಗೆ ಕರೆದುಕೊಂಡು ಹೋಗುತ್ತಿದ್ದ. ಬಸ್ಸು ಹಿಂದಕ್ಕೆ ತೆಗೆಯುವಾಗ ಅವಳು ಹಿಂದೆ ನಿಂತು, ತನಗಿಂತ ದೊಡ್ಡ ದನಿಯಲ್ಲಿ "ಬರ್ಲಿ, ಬರ್ಲಿ, ಬರ್ಲಿ" ಎಂದು ಕೂಗಬೇಕು, ಸಾಕು ಅನ್ನಿಸಿದಾಗ ತಗಡಿಗೆ ಎರಡು ಸಲ ಬಡಿಯಬೇಕು. ಫ್ರಾಕಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಅಷ್ಟು ದೊಡ್ಡ ವಾಹನಕ್ಕೆ ಅಪ್ಪಣೆ ಕೊಡುವುದು! ಒಮ್ಮೆ ಅವಳು ಉತ್ಸಾಹದಲ್ಲಿ ತೀರಾ ಹತ್ತಿರ ಬಂದುಬಿಟ್ಟಿದ್ದಳು. ಬಸ್ಸು ಗಕ್ಕನೆ ನಿಂತಿತು, ಅಣ್ಣ ಇಳಿದು ಬಂದ, ಮುಖ ಬಿಳಿಚಿತ್ತು. "ನೋಡು ಪುಟ್ಟಿ, ಹಿಂದೆ ನಿಂತೋರು ಯಾವಾಗ್ಲೂ ಕನ್ನಡೀಲಿ ಕಾಣ್ಬೇಕು. ಕಾಣದಷ್ಟು ಹತ್ತಿರ ಬಂದ್ರೆ ನೀನು ಇಲ್ಲ ಅಂತಲೇ ಲೆಕ್ಕ. ಕನ್ನಡೀಲಿರು, ತಿಳೀತಾ?" ತಿಳಿಯಿತು ಎಂದು ಅವಳು ತಲೆಯಾಡಿಸಿದ್ದಳು. ಮುಂದಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಹತ್ತಿ ಚಿಲ್ಲರೆಗಾಗಿ ಚೀಲವನ್ನೆಲ್ಲ ತಡಕಾಡಿದಳು. ಅವಳಿಗೆ ಆ ಹೆಂಗಸಿನ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು. ಮನೆಯ ಗಲ್ಲಿ ಮುಗಿದಲ್ಲಿ, ಕ್ಷೌರದಂಗಡಿಗೆ ಹೋಗಲು ದಾಟಬೇಕಾದ ದೊಡ್ಡ ರಸ್ತೆಗೆ ಸಿಗ್ನಲ್ ಇದೆ, ದಾಟುವ ಹೊತ್ತಿಗೆ ಅದು ಟಿಕ್ ಟಿಕ್ ಎನ್ನುತ್ತದೆ, ಕಾರುಗಳು ನಿಲ್ಲುತ್ತವೆ. ಆ ರಸ್ತೆಗೆ ಮೊದಲು, ಅಂಚಿನಲ್ಲಿ, ಸೈಕಲ್‌ಗಳ ದಾರಿ. ಅದಕ್ಕೆ ಸಿಗ್ನಲ್ ಇಲ್ಲ, ಸದ್ದೂ ಇಲ್ಲ. ಕಾರುಗಳ ಗದ್ದಲದ ಪಕ್ಕದಲ್ಲೇ ಸೈಕಲ್‌ಗಳು ಸದ್ದಿಲ್ಲದೆ ಬರುತ್ತವೆ.

ಸರಾಸರಿ ಯಾಕೆ ಬರೆದೆ ಎಂದು ಬಸ್ಸು ನಿಂತಲ್ಲೆಲ್ಲ ಅವಳು ತನ್ನನ್ನು ಕೇಳಿಕೊಳ್ಳುತ್ತಿದ್ದಳು. ಅಣ್ಣನಿಗೋಸ್ಕರ ಎಂದು ಇಷ್ಟು ದಿನ ಹೇಳಿಕೊಂಡಿದ್ದಳು, ಯಜಮಾನರಿಗೂ ಹಾಗೆಯೇ ಹೇಳಿದ್ದಳು: ಕೈ ಸುಮ್ಮನೆ ಬೆದರಬಾರದು, ಕೋಲು ಸಮಾಧಾನದಿಂದ ಮಾತಾಡಬೇಕು. ಒಂದು ಭಾನುವಾರ ಅಣ್ಣನ ಹಳೆಯ ಡ್ರೈವರ್ ಗೆಳೆಯರು ಬಂದಿದ್ದರು. ಹೊಸ ಕೋಲು ನೋಡೋಣ ಎಂದರು, ಅಣ್ಣ ಎದ್ದು ಹಿಡಿದು ತೋರಿಸಲು ಹೋದ. ಕಿಟಕಿಯ ಪರದೆ ಗಾಳಿಗೆ ಅಲುಗಿತು, ಕೋಲು ಬೆದರಿತು. ಯಾರೋ ಕಾಲು ಮಡಚಿದರು, ಬೆದರಿತು. ಒಬ್ಬ ಕೆಮ್ಮುತ್ತ ಮುಂದಕ್ಕೆ ಬಾಗಿದ, ಕೋಲು ಅಣ್ಣನ ತೋಳು ಪೂರ್ತಿ ಅಲ್ಲಾಡಿಸಿಬಿಟ್ಟಿತು. "ಏನಪ್ಪಾ, ನಿನ್ನ ಕೋಲಿಗೆ ನಡುಕದ ಕಾಯಿಲೆ!" ಎಂದ ಒಬ್ಬ. "ಡಾಕ್ಟರಿಗೆ ತೋರಿಸು," ಎಂದ ಮತ್ತೊಬ್ಬ, "ಮೊದಲು ಕೋಲಿಗೆ, ಆಮೇಲೆ ನಿಂಗೆ." ಕೋಣೆಯೆಲ್ಲ ನಗು. ಅಡುಗೆಮನೆಯ ಬಾಗಿಲಲ್ಲಿ ಕಪ್ಪುಗಳ ತಟ್ಟೆ ಹಿಡಿದುಕೊಂಡು ನಿಂತಿದ್ದ ಅವಳಿಗೆ ಮುಖ ಸುಟ್ಟಂತಾಯಿತು. ಅದೇ ವಾರ ಸರಾಸರಿ ಬರೆದಳು. ಆಮೇಲೆ ಕೋಲು ಸಾಧುವಾಯಿತು, ಎಲ್ಲರೂ ಮೆಚ್ಚಿದರು. ಈಗ ಬಸ್ಸಿನ ಕಿಟಕಿಯ ಗಾಜಿಗೆ ಹಣೆ ಒರಗಿಸಿಕೊಂಡು ಆ ಭಾನುವಾರವನ್ನು ಮತ್ತೆ ನೋಡಿದರೆ, ಅಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅಣ್ಣ. ಅವನಿಗೆ ಅವಮಾನವಾಗಿರಲಿಲ್ಲ. ಕೋಲನ್ನು ಸುಮ್ಮನಾಗಿಸು ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾದದ್ದು ಅವಳಿಗೆ, ತನ್ನ ಕೈಕೆಲಸದ ಬಗ್ಗೆ; ಅದಕ್ಕಿಂತ ಹೆಚ್ಚಾಗಿ, ಒಂದು ಕಾಲಕ್ಕೆ ಅಷ್ಟು ದೊಡ್ಡ ಬಸ್ಸನ್ನು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ ಅಣ್ಣ ಹಾಗೆ ಗಡಗಡ ಅಲ್ಲಾಡುತ್ತ ನಿಂತದ್ದರ ಬಗ್ಗೆ. ಅವನ ಬಗ್ಗೆ ನಾಚಿಕೆಪಟ್ಟೆನೆ ಎಂದು ಅವಳಿಗೆ ಗಾಬರಿಯಾಯಿತು. ಪಟ್ಟಿದ್ದು ನಿಜ. ಅವಳು ಇಳಿಯಬೇಕಾದ ನಿಲ್ದಾಣ ಬಂತು.

ಇಳಿದ ಕೂಡಲೇ ಅವನು ಕಂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಟಿಂಗಿಗೆ ಹೋಗುವವನು ತಲೆ ನುಣ್ಣಗೆ ಬಾಚಿಕೊಂಡು, ಸೈಕಲ್ ದಾರಿಯ ಅಂಚಿನಲ್ಲಿ ಬೆನ್ನು ಹಾಕಿ ನಿಂತಿದ್ದ. ಇಷ್ಟು ದೂರ ಒಬ್ಬನೇ ಬಂದಿದ್ದಾನೆ, ಮೆಟ್ಟಿಲಿಳಿದು, ಗಲ್ಲಿ ದಾಟಿ, ಕಂಬಗಳನ್ನು ಬಳಸಿಕೊಂಡು. ಅವಳ ಮನಸ್ಸಿಗೆ ಒಂದು ಕ್ಷಣ ಖುಷಿಯೇ ಆಯಿತು. ಕೋಲು ಮುಂದಕ್ಕೆ ಚಾಚಿತ್ತು. ತಲೆ ಸ್ವಲ್ಪ ತಗ್ಗಿತ್ತು, ಆದರೆ ಅವನು ಕಿವಿಗೊಟ್ಟು ಕೇಳುತ್ತಿರಲಿಲ್ಲ, ಅಂಗೈಗೆ ಗಮನ ಕೊಟ್ಟಿದ್ದ. ಅವಳು ಕೊಟ್ಟ ವಸ್ತುವಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಎಡಗಡೆಯಿಂದ ಒಂದು ಸೈಕಲ್ ಬರುತ್ತಿತ್ತು, ಸವಾರ ತಲೆ ಬಗ್ಗಿಸಿ ತುಳಿಯುತ್ತಿದ್ದ. ಅಣ್ಣ ಕೋಲನ್ನು ಎಡಕ್ಕೆ ತಿರುಗಿಸಿ ಹಿಡಿದ, ಬಲಕ್ಕೆ ಹಿಡಿದ, ಮತ್ತೆ ಎಡಕ್ಕೆ. ಕೈ ನಿಶ್ಚಿಂತೆಯಾಗಿತ್ತು. ಒಂದು ಕಾಲು ಕೆಳಗಿಟ್ಟ.

"ಅಣ್ಣಾ, ನಿಲ್ಲು!"

ಅವನು ನಿಂತ. ಒಂದು ಕಾಲು ದಾರಿಯ ಮೇಲೆ, ಒಂದು ಕಾಲು ಅಂಚಿನ ಮೇಲೆ. ಸೈಕಲ್ ಸವಾರ ಬ್ರೇಕು ಕಿರುಚಿಸಿ, ಅಂಕುಡೊಂಕಾಗಿ ಅವನನ್ನು ಬಳಸಿಕೊಂಡು ದಾಟಿ, ಹಿಂತಿರುಗಿ ಕೂಗಿದ, "ಏನ್ರೀ, ಕಣ್ಣು ಕಾಣಲ್ವಾ?" ಆಮೇಲೆ ಬಿಳಿಯ ಕೋಲು ಕಂಡಿತೇನೋ. "ಅಯ್ಯೋ, ಸಾರಿ ಸರ್, ಸಾರಿ, ಗೊತ್ತಾಗ್ಲಿಲ್ಲ" ಎಂದು ಇನ್ನೂ ದೊಡ್ಡ ದನಿಯಲ್ಲಿ ಹೇಳಿದ, ಕಿವಿಯೂ ಕೇಳುವುದಿಲ್ಲವೇನೋ ಎನ್ನುವ ಹಾಗೆ. ಬೈಗುಳಕ್ಕಿಂತ ಕ್ಷಮೆ ಕೇಳಿದ ಆ ದನಿಗೇ ಜನ ತಿರುಗಿ ನೋಡಿದರು. ಆಗ, ಎದುರಿಗೆ ಏನೂ ಇಲ್ಲದಾಗ, ಅಣ್ಣನ ಕೈಯಲ್ಲಿ ಕೋಲು ನಡುಗಿದ್ದು ಅವಳಿಗೆ ದೂರದಿಂದಲೇ ಕಂಡಿತು. ಅವಳು ಕೂಗದಿದ್ದರೂ ಸವಾರ ಹಾಗೆಯೇ ಬಳಸಿಕೊಂಡು ಹೋಗುತ್ತಿದ್ದನೋ ಏನೋ. ಕೂಗಿದ್ದರಿಂದಲೇ ಅಣ್ಣ ನಟ್ಟನಡುವೆ ನಿಂತುಬಿಟ್ಟನೋ ಏನೋ. ಇದು ಅವಳಿಗೆ ಎಂದಿಗೂ ಗೊತ್ತಾಗುವುದಿಲ್ಲ.

ಅವನು ಕಾಲು ಹಿಂದಕ್ಕೆ ತೆಗೆದುಕೊಂಡು, ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. "ನೀನೇನು ಇಲ್ಲಿ?"

"ಬಸ್ಸಿಂದ ಇಳಿದೆ."

"ಅದು ಗೊತ್ತಾಯ್ತು. ಕೆಲಸದ ಹೊತ್ತಲ್ಲಿ ಇಲ್ಲಿ ಯಾಕೆ ಇಳಿದೆ ಅಂತ ಕೇಳ್ದೆ." ಅವಳು ಹತ್ತಿರ ಬಂದಳು. "ಬೆಳಿಗ್ಗೆ ಸರಿ ಅಂದೆ. ಅಲ್ಲೇ ಅಂದ್ಕೊಂಡೆ, ಇಷ್ಟು ಸಲೀಸಾಗಿ ಸರಿ ಅಂತಾಳಲ್ಲ ಅಂತ. ನಾನೇನು ಸ್ಕೂಲಿಗೆ ಹೊರಟ ಮಗುನಾ, ಹಿಂದೆ ಹಿಂದೆ ಬರೋಕೆ?"

"ಹಿಂದೆ ಬರ್ಲಿಲ್ಲ ಅಣ್ಣ. ಕೋಲು ಸರಿ ಇಲ್ಲ."

"ಕೋಲಿಗೆ ಏನಾಗಿದೆ? ಈಗ್ಲೂ ನಡುಗ್ತು."

"ಸೈಕಲ್ ಹೋದ ಮೇಲೆ ನಡುಗ್ತು."

ಅವನು ಕೋಲನ್ನು ತಿರುಗಿಸಿ ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ, ಅದರ ಮುಖ ಸವರಿದ ಹಾಗೆ. ಇನ್ನೊಂದು ಸೈಕಲ್ ಹೋಯಿತು, ಮತ್ತೊಂದು ಹೋಯಿತು. "ಎಷ್ಟು ತಡ?" ಎಂದು ಕೇಳಿದ.

ಅವಳಿಗೆ ಅದು ದಶಮಾಂಶದವರೆಗೆ ಗೊತ್ತಿತ್ತು, ಆದರೆ ಅಂಕಿ ಹೇಳಲು ಬಾಯಿ ಬರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಅವನು ಎರಡೂ ಕೈ ಚಾಚಿ ಮಾರು ಹಾಕಿ ಅಳೆಯುತ್ತಿದ್ದುದು ನೆನಪಾಯಿತು. "ಎರಡು ಮಾರು," ಎಂದಳು. "ಜೋರಾಗಿ ಬಂದ್ರೆ ಮೂರು, ನಾಲ್ಕು."

"ನನ್ನ ಮಾರಾ, ನಿನ್ನ ಮಾರಾ?"

"ನಿಂದು."

"ಹಾಗಾದ್ರೆ ಮೈಮೇಲೆ ಬಂದಾಯ್ತು." ಅವನು ಮೆಲ್ಲಗೆ ತಲೆದೂಗಿದ. "ಯಾಕೆ ಪುಟ್ಟಿ ಹೀಗೆ ಮಾಡ್ದೆ? ಮೊದಲು ಹೀಗಿರ್ಲಿಲ್ವಲ್ಲ."

"ಅವತ್ತು ನಿನ್ನ ಫ್ರೆಂಡ್ಸೆಲ್ಲ ನಕ್ಕರಲ್ಲ. ನೀನು ಹಾಗೆ ನಡುಗ್ತಾ ನಿಂತಿದ್ದು... ನಂಗೆ ನೋಡೋಕಾಗ್ಲಿಲ್ಲ."

"ನಕ್ಕರು. ನಾನೂ ನಕ್ಕೆ. ಅವರು ನಗದೇ ಹೋಗಿದ್ರೆ ನಂಗೆ ಬೇಜಾರಾಗ್ತಿತ್ತು. ಕಣ್ಣು ಹೋದ ಮೇಲೆ ನನ್ನೆದುರಿಗೆ ಯಾರೂ ಬಾಯಿಬಿಟ್ಟು ನಕ್ಕಿರ್ಲಿಲ್ಲ." ಕೋಲಿನ ತುದಿಯಿಂದ ನೆಲ ತಟ್ಟಿ ಹೇಳಿದ, "ನೀನು ಒಬ್ಬಳು ನಗ್ಲಿಲ್ಲ. ಅದು ಗೊತ್ತಾಯ್ತು. ಕಪ್ಪುಗಳ ಸದ್ದು ನಿಂತುಹೋಯ್ತಲ್ಲ."

ಅವಳು ಬಗಲಲ್ಲಿದ್ದ ಕೋಲನ್ನು ಅವನ ಕೈಗೆ ಕೊಟ್ಟು ಹಳೆಯದನ್ನು ತೆಗೆದುಕೊಂಡಳು. ಕೊಡುತ್ತಿದ್ದಂತೆಯೇ ಅದು ಶುರುಮಾಡಿತು. ಕಂಬಕ್ಕೆ ನಡುಗಿತು, ಕಸದ ಡಬ್ಬಿಗೆ ನಡುಗಿತು, ನಾಯಿ ಎಳೆದುಕೊಂಡು ಹೋಗುತ್ತಿದ್ದ ಹೆಂಗಸಿಗೆ ಬೇರೆ, ನಾಯಿಗೆ ಬೇರೆ ನಡುಗಿತು. ಅವನ ತೋಳು ಭುಜದವರೆಗೆ ಅಲ್ಲಾಡಿತು. ನಿಲ್ದಾಣದಲ್ಲಿ ನಿಂತವರು ನೋಡುತ್ತಿದ್ದರು. ಅವಳಿಗೆ ಅದೇ ಬಿಸಿ ಮುಖಕ್ಕೆ ಏರಿತು. ಈ ಸಲ ಅವಳು ಅಲ್ಲಿಂದ ಕದಲಲಿಲ್ಲ, ಬೇರೆ ಕಡೆಗೆ ನೋಡಲೂ ಇಲ್ಲ. ಅಣ್ಣನ ಮುಖ ಅರಳಿತು. "ಓಹೋ, ಬಂದ್ಯಾ ಮಹರಾಯ! ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಕೋಲಿಗೆ ಹೇಳಿದ. ಎಡಕ್ಕೆ ಹಿಡಿದ. ದೂರದಲ್ಲಿ ಒಂದು ಸೈಕಲ್ ಬರುತ್ತಿತ್ತು, ಕೋಲು ಇದ್ದಕ್ಕಿದ್ದಂತೆ ಜೋರಾಗಿ ಬಡಿದುಕೊಂಡಿತು, ಆಮೇಲೆ ಸೈಕಲ್ ಅವನೆದುರು ದಾಟಿ ಹೋಯಿತು. ಮೊದಲು ನಡುಕ, ಆಮೇಲೆ ಸೈಕಲ್. ಅವನು ಇನ್ನೊಂದು ಬರುವವರೆಗೆ ಕಾದ, ಅದರ ಮುಂದೆಯೂ ಹಿಡಿದು ನೋಡಿದ.

"ಬೈತಾನೇ ಇದೆ," ಎಂದ. "ಇಷ್ಟರಲ್ಲಿ ಯಾವುದು ಏನು ಅಂತ ಹೇಗೆ ಗೊತ್ತಾಗ್ಬೇಕು? ಅಭ್ಯಾಸ ಆಗ್ಬೇಕು."

"ಇವತ್ತು ಬೇಡ ಅಂದ್ರೆ..."

"ಇವತ್ತೇ. ತಲೆ ಬಾಚ್ಕೊಂಡು ಬಂದಿದ್ದೀನಿ."

"ನಾನು ಮುಂದೆ ಹೋಗ್ಲಾ?"

ಅವನು ಯೋಚಿಸಿದ. ಬೇಡ ಎಂದರೆ ಬೇಡ, ಇಲ್ಲೇ ನಿಲ್ಲುತ್ತೇನೆ, ನಿಂತು ನೋಡುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಹರಕೆ ಹೊತ್ತಂತೆ ಹೇಳಿಕೊಂಡಳು. "ಹೋಗು," ಎಂದ ಅವನು. "ಕೈ ಹಿಡೀಬೇಡ. ತಿರುಗಿ ತಿರುಗಿ ನೋಡ್ಬೇಡ. ಮಾತಾಡ್ಬೇಡ. ಕನ್ನಡೀಲಿರು, ಅಷ್ಟೇ."

ಅವಳು ಮುಂದೆ ನಡೆದಳು. ದಾರಿ ಖಾಲಿಯಿರುವುದನ್ನು ನೋಡಿಕೊಂಡು ಕಾಲಿಟ್ಟಳು, ಹಿಂದೆ ಅವನ ಬೂಟಿನ ಸದ್ದಿಗೆ ಕಾದಳು. ಸದ್ದು ಬರಲಿಲ್ಲ.

"ಪುಟ್ಟಿ, ಎಲ್ಲಿ ಹೋದೆ? ಕೋಲು ಸುಮ್ಮನಾಗೋಯ್ತು."

"ಇಲ್ಲೇ ಇದ್ದೀನಿ."

"ಇಲ್ಲೇ ಅಂದ್ರೆ? ಎಲ್ಲದಕ್ಕೂ ಬಡ್ಕೊಳ್ಳೋದು ನಿಂಗೆ ಮಾತ್ರ ಬಡ್ಕೊಳ್ತಿಲ್ಲ."

ಅವಳಿಗೆ ಗೋಡೆಯ ಮೇಲಿನ ಕಾಗದ ನೆನಪಾಯಿತು. ಕೈಯಲ್ಲಿದ್ದ ಕೋಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ರಸ್ತೆಯ ಅಂಚಿನಲ್ಲಿ ಎಲ್ಲರೂ ನೋಡುತ್ತಿರುವಾಗ, ಅವಳು ಸ್ವೆಟರನ್ನು ತಲೆಯ ಮೇಲಿಂದ ಎಳೆದು ಬಿಚ್ಚಿದಳು. ಕೂದಲು ಕೆದರಿತು. ತೆಳುವಾದ ಅಂಗಿಯ ಮೂಲಕ ಗಾಳಿ ನೇರವಾಗಿ ಬೆನ್ನಿಗೆ ಬಡಿಯಿತು. ಸ್ವೆಟರನ್ನು ಮಡಚಿ ಹೊಟ್ಟೆಗೆ ಅವುಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಹಾಂ," ಎಂದ ಅಣ್ಣ ಹಿಂದಿನಿಂದ. "ಸಿಕ್ದೆ. ನಡಿ."

ಅವಳು ನಡೆದಳು. ಸೈಕಲ್ ದಾರಿ ದಾಟಿದಳು. ಸಿಗ್ನಲ್ ಟಿಕ್ ಟಿಕ್ ಎನ್ನುವವರೆಗೆ ನಿಂತು, ಕಾರುಗಳ ಮುಂದೆ ದೊಡ್ಡ ರಸ್ತೆ ದಾಟಿದಳು. ಹಿಂದೆ ಬೂಟಿನ ಸದ್ದು ಒಮ್ಮೆ ಹತ್ತಿರವಾಗುತ್ತಿತ್ತು, ಒಮ್ಮೆ ದೂರವಾಗುತ್ತಿತ್ತು. ಹತ್ತಿರವಾದರೆ ಅವಳು ಹೆಜ್ಜೆ ಬೀಸುತ್ತಿದ್ದಳು, ದೂರವಾದರೆ ತಡೆಯುತ್ತಿದ್ದಳು. ಕೋಲಿನ ಕೂಗು ಅವಳಿಗೆ ಕೇಳುವಂತಿರಲಿಲ್ಲ, ಆದರೂ ಅದು ಬಂದು ತನ್ನ ಬೆನ್ನನ್ನು ಮುಟ್ಟಿ ಹೋಗುತ್ತಿದೆ ಎಂದು ಮತ್ತೆ ಮತ್ತೆ ಅನ್ನಿಸಿತು. ಚಳಿಗೆ ಮೈ ನಡುಗುತ್ತಿತ್ತು. ಬಹಳ ದಿನಗಳ ಮೇಲೆ ಅವಳ ಮನಸ್ಸು ಇದ್ದ ಕಡೆಯೇ ಇತ್ತು.

ಕ್ಷೌರದಂಗಡಿಯ ಗಾಜಿನ ಬಾಗಿಲ ಹತ್ತಿರ ಅವಳು ಪಕ್ಕಕ್ಕೆ ಸರಿದು, ಒಳಗಿನವರಿಗೆ ಕಾಣದ ಹಾಗೆ ಗೋಡೆಗೆ ಒತ್ತಿ ನಿಂತಳು. ಕೋಲು ಬಾಗಿಲನ್ನು ಹುಡುಕಿತು. ಅಣ್ಣ ಅವಳ ಮುಂದೆಯೇ ಹಾದುಹೋದ, ಒಂದು ಗೇಣು ದೂರದಲ್ಲಿ. ಬಾಗಿಲು ತಳ್ಳಿ ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ, ಒಳಗಿನ ರೇಡಿಯೋ, ಕತ್ತರಿಯ ಚಟಚಟ ಕೇಳುತ್ತಿತ್ತು. ಯಾರೋ ಕುರ್ಚಿ ಎಳೆದರು.

"ಬನ್ನಿ ಸರ್, ಬನ್ನಿ. ಜೊತೆಗೆ ಯಾರೂ ಬಂದಿಲ್ವಾ?"

"ಇಲ್ಲಪ್ಪ," ಎಂದ ಅಣ್ಣ. "ಒಬ್ಬನೇ ಬಂದೆ."

ಬಟ್ಟೆ ಕೊಡವಿದ ಸದ್ದು. ಆಮೇಲೆ ಕ್ಷೌರದವನು ಕೆಮ್ಮಿ, ದನಿ ಸರಿಪಡಿಸಿಕೊಂಡು, "ಎಷ್ಟು ಬಿಡ್ಲಿ ಸರ್?" ಎಂದು ಕೇಳಿದ. ಅವಳು ಗೋಡೆಯ ಪಕ್ಕದಲ್ಲೇ ಸ್ವೆಟರನ್ನು ತಲೆಯ ಮೇಲಿಂದ ಹಾಕಿಕೊಂಡಳು. ಕೊರಳು ಹೊರಗೆ ಬರುವ ಮೊದಲು, ಉಣ್ಣೆಯ ಬೆಚ್ಚಗಿನ ಕತ್ತಲೆಯೊಳಗೆ ಒಂದಿಷ್ಟು ಹೊತ್ತು ಹಾಗೆಯೇ ನಿಂತು, ಅಣ್ಣ ಏನು ಹೇಳುತ್ತಾನೆಂದು ಕೇಳಿಸಿಕೊಂಡಳು.